ನೀರಿಗಿಳಿದ ಸಂಸಾರ

ಮಗಳಿಗೆ ಒಂಬತ್ತು ತುಂಬಿದ ಆ ವರ್ಷ ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಜಗಳವಾಗಿತ್ತೆಂದಲ್ಲ, ನಮ್ಮ ಯಜಮಾನರು ಮಲಗಿರುತ್ತಿದ್ದರು. ಪುಣೆಯ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆಯ ಸಗಟು ವ್ಯಾಪಾರಿಯೊಬ್ಬರ ಹತ್ತಿರ ಅವರ ಕೆಲಸ. ಲಾರಿಗಳು ಬರುವುದು ಬೆಳಕು ಹರಿಯುವ ಮೊದಲು. ಲಾರಿಯವನ ಮೇಲೆ, ಚೀಲ ಇಳಿಸುವವರ ಮೇಲೆ, ತೂಕದವನ ಮೇಲೆ ಕೂಗಿ ಕೂಗಿ ಗಂಟಲು ಹರಿದುಕೊಂಡು ಮಧ್ಯಾಹ್ನ ಮನೆಗೆ ಬರುವರು, ಉಂಡು ಮಲಗುವರು. ಮಾರ್ಕೆಟ್ಟಿನ ಗದ್ದಲದಲ್ಲಿ ಚೀಲಕ್ಕೆ ಒರಗಿ ತೂಕಡಿಸಬಲ್ಲ ಮನುಷ್ಯ, ಮನೆಯಲ್ಲಿ ಒಂದು ಚಮಚ ಬಿದ್ದರೆ "ಏನದು?" ಎಂದು ಎದ್ದು ಕೂರುತ್ತಿದ್ದರು.

ನಮ್ಮದು ಎರಡು ಕೋಣೆಯ ಮನೆ. ಹಾಗಾಗಿ ನಾನು, ಮಗಳು ಕೈಸನ್ನೆಯಲ್ಲೇ ಸಂಸಾರ ನಡೆಸುವುದನ್ನು ಕಲಿತಿದ್ದೆವು. ಹಣೆಗೆ ಕೈ ಇಟ್ಟರೆ ತಲೆನೋವು, ಅದು ನನ್ನದು. ಎದೆಗೆ ಕೈ ಇಟ್ಟರೆ ಕೆಮ್ಮು ಬರುತ್ತಿದೆ ಎಂದು, ಅದು ಅವಳದು. ಕೆಮ್ಮು ಬಂದರೆ ಅವಳು ತಲೆದಿಂಬಿನಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿದ್ದಳು, ಅಪ್ಪನಿಗೆ ಎಚ್ಚರವಾಗದಿರಲಿ ಎಂದು. ಕೆಮ್ಮಿನ ಬೆನ್ನಿಗೆ ಉಬ್ಬಸ. ನಮ್ಮ ಕಡೆ ಅದನ್ನು ದಮ್ಮು ಎನ್ನುತ್ತಾರೆ. ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು.

ನಾನು ಸುಮ್ಮನೆ ಕೂರುವ ತಾಯಿಯಲ್ಲ. ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಹುಟ್ಟಿದವಳು ನಾನು. ಪುಣೆಯ ಗಾಳಿ ನನಗೆ ಯಾವಾಗಲೂ ತಂಪೇ. ಆದ್ದರಿಂದ ಮಗಳಿಗೆ ಸ್ವೆಟರು, ಅದರ ಮೇಲೆ ಮಫ್ಲರು, ತಲೆಗೆ ಕಿವಿ ಮುಚ್ಚುವ ಟೋಪಿ. ಹೋಳಿಹುಣ್ಣಿಮೆ ಕಳೆದು ಬಿಸಿಲು ಏರಿದ ಮೇಲೂ ಟೋಪಿ ಇಳಿಯುತ್ತಿರಲಿಲ್ಲ. ಮೊಸರು ಬೇಡ, ಬಾಳೆಹಣ್ಣು ಬೇಡ, ಪೇರಲ ಬೇಡ. ಓಡಬೇಡ, ಹಾರಬೇಡ, ಮಣ್ಣಲ್ಲಿ ಆಡಬೇಡ, ಜಾಸ್ತಿ ನಗಬೇಡ. ಯಾಕೆಂದರೆ ನಕ್ಕರೂ ಅವಳಿಗೆ ಕೆಮ್ಮು ಬರುತ್ತಿತ್ತು. ಶಾಲೆಯಲ್ಲಿ ಆಟದ ಪೀರಿಯಡ್ಡಿಗೆ ಅವಳನ್ನು ಎಲ್ಲರ ಚಪ್ಪಲಿ ಕಾಯಲು ಕೂರಿಸುತ್ತಿದ್ದರಂತೆ. ಆ ಏರ್ಪಾಟನ್ನು ಟೀಚರಿಗೆ ಹೇಳಿ ಮಾಡಿಸಿದವಳೂ ನಾನೇ.

ರಾತ್ರಿ ಅವಳ ಉಸಿರು ಕೇಳುತ್ತ ಮಲಗುವುದು ನನಗೆ ರೂಢಿಯಾಗಿತ್ತು. ಸೀಟಿ ಕೇಳಿದರೆ ಹೆದರಿಕೆ. ಕೇಳದಿದ್ದರೆ, ಯಾಕೆ ಕೇಳುತ್ತಿಲ್ಲ ಎಂದು ಎದ್ದು ಕೂತು ಅವಳ ಮೂಗಿನ ಮುಂದೆ ಬೆರಳು ಹಿಡಿದು ನೋಡುವುದು. ಮರುದಿನ ಅವಳಿಗೆ ಕೆಮ್ಮು, ನನಗೆ ತಲೆನೋವು, ಅವರಿಗೆ ನಿದ್ದೆಗೆಟ್ಟ ಸಿಟ್ಟು. ಮೂವರೂ ಒಬ್ಬರನ್ನೊಬ್ಬರು ಜೋಪಾನ ಮಾಡುತ್ತಿದ್ದೆವು, ಮೂವರಿಗೂ ಸುಖವಿರಲಿಲ್ಲ.

ಮಕ್ಕಳ ಡಾಕ್ಟರು ಒಬ್ಬ ಮರಾಠಿ ಹೆಂಗಸು, ಮಾತು ಕಡಿಮೆ. ಮಗಳ ಎದೆ, ಬೆನ್ನು ಪರೀಕ್ಷಿಸಿ, ಉಸಿರಿಗೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಆಮೇಲೆ ನನ್ನನ್ನೇ ನೋಡುತ್ತ, "ನಿಮಗೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದರು.

"ಪೇಶಂಟ್ ನಾನಲ್ಲ ಡಾಕ್ಟರ್ ಬಾಯಿ, ಇವಳು" ಎಂದೆ, ಬಂದ ಮರಾಠಿಯಲ್ಲಿ.

"ಗೊತ್ತು. ಪಂಪನ್ನು ದಿನಾ ತಪ್ಪಿಸದೆ ಕೊಡಿ. ಉಬ್ಬಸ ಹಿಡಿತಕ್ಕೆ ಬರಲಿ. ಬೇಸಿಗೆ ರಜೆಯಲ್ಲಿ ಇವಳನ್ನು ಈಜಿಗೆ ಹಾಕಿ."

ಅವರು ಏನೋ ಬೇರೆ ಹೇಳಿರಬೇಕು, ನನಗೆ ಮರಾಠಿ ಸರಿಯಾಗಿ ತಿಳಿಯಲಿಲ್ಲ ಎಂದುಕೊಂಡೆ. ಮತ್ತೆ ಕೇಳಿದೆ. ಈಜೇ. ಕೂದಲು ತೊಳೆದ ದಿನ ಮಗಳನ್ನು ಹೊಸ್ತಿಲು ದಾಟಲು ಬಿಡದವಳಿಗೆ, ಅವಳನ್ನು ತಣ್ಣೀರಿನ ಹೊಂಡದಲ್ಲಿ ಮುಳುಗಿಸಿ ತೆಗೆ ಎನ್ನುತ್ತಿದ್ದರು.

ಮನೆಯಲ್ಲಿ ಯಜಮಾನರು ಪಂಪನ್ನು ತಿರುಗಿಸಿ ನೋಡಿ, "ಇದು ಒಮ್ಮೆ ಹಿಡದ್ರ ಚಟಾ ಹತ್ತತದಂತ" ಎಂದರು.

"ನಿಮಗ ಚಹಾದ ಚಟಾ ಹತ್ತಿಲ್ಲೇನ್ರಿ? ಅದಕ್ಕ ಯಾವ ಡಾಕ್ಟರು ಬರದುಕೊಟ್ಟಿದ್ರು?" ಎಂದೆ. ಪಂಪು ಶುರುವಾಯಿತು. ಈಜಿನ ಮಾತನ್ನು ಮಾತ್ರ ನಾನು ಅವರಿಗೆ ಹೇಳಲೇ ಇಲ್ಲ. ಹೇಳಿದ್ದು ಪಕ್ಕದ ಮನೆಯ ಅಕ್ಕನಿಗೆ.

ಅಕ್ಕ ಕುಂದಾಪುರದ ಕಡೆಯವಳು. ಅವಳ ಗಂಡ ನಮ್ಮ ರಸ್ತೆಯ ಮೂಲೆಯಲ್ಲಿ ಇಡ್ಲಿ ದೋಸೆಯ ಹೋಟೆಲ್ ಇಟ್ಟಿದ್ದ. ಅವಳೂ ಕನ್ನಡದವಳು, ನಾನೂ ಕನ್ನಡದವಳು. ಆದರೂ ಮೊದಲ ವರ್ಷ ನಾವಿಬ್ಬರೂ ಮಾತಾಡಿದ್ದು ಹೆಚ್ಚಾಗಿ ಮರಾಠಿಯಲ್ಲಿ, ಯಾಕೆಂದರೆ ಅವಳ ಕನ್ನಡ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ. ಡಾಕ್ಟರು ಹೇಳಿದ್ದು ಕೇಳಿ ಅವಳು ಚಪ್ಪಾಳೆ ಹೊಡೆದು ನಕ್ಕಳು.

"ಎಂತದು ಮಾರಾಯ್ತಿ, ನೀರಿಗೆ ಹೆದರುದಾ? ನಮ್ಮಲ್ಲಿ ಮಕ್ಕಳು ಹೊಳೆಗೆ ಬಿದ್ದೇ ಈಜು ಕಲಿಯುದು."

"ನಮ್ಮ ಕಡೆ ನೀರೇ ಇರಂಗಿಲ್ಲಕ್ಕಾ. ಇದ್ರ ಬಾವ್ಯಾಗ ಇರತದ. ಬಾವ್ಯಾಗ ಬಿದ್ದವ್ರು ಕಲಿಯಂಗಿಲ್ಲ, ಹೋಗ್ತಾರ."

"ಇದು ಬಾವಿ ಅಲ್ಲ. ಮಹಾನಗರಪಾಲಿಕೆಯ ಕೊಳ. ಹೆಂಗಸರಿಗೂ ಮಕ್ಕಳಿಗೂ ಮಧ್ಯಾಹ್ನ ಬ್ಯಾಚ್ ಉಂಟು. ನನಗೂ ಮೊಣಕಾಲು ನೋವು, ನಾನೂ ಬರ್ತೇನೆ, ಹೋಗುವ" ಎಂದು ಅವಳು ನನ್ನ ಮಗಳ ಕಡೆ ತಿರುಗಿದಳು. "ಬರ್ತೀಯಾ ಪುಟ್ಟ?"

ಮಗಳು ಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಆ ಮುಖಕ್ಕೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಪಂಪು ತನ್ನ ಕೆಲಸ ಮಾಡಿ, ಸೀಟಿ ಬಹುಮಟ್ಟಿಗೆ ನಿಂತಿತ್ತು. ರಜೆ ಶುರುವಾದ ಮೊದಲ ಸೋಮವಾರವೇ ಕೊಳಕ್ಕೆ ಹೋದೆವು. ನೀಲಿ ಬಣ್ಣ ಬಳಿದ ತಳ, ಮೂಗಿಗೆ ಹತ್ತುವ ಕ್ಲೋರಿನ್ ವಾಸನೆ, ಕಾಲು ಸುಡುವ ಫರಸಿ ಕಲ್ಲು. ಈಜು ಕಲಿಸುವಾಕೆಯನ್ನು ಮರಾಠಿ ರೀತಿಯಲ್ಲಿ ಎಲ್ಲರೂ ಬಾಯಿ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಕೊರಳಲ್ಲಿ ನಿಜವಾದ ಸೀಟಿ. ಅಕ್ಕ ಸೀದಾ ಹೋಗಿ ಧುಮುಕಿ, ಎಮ್ಮೆಯ ಹಾಗೆ ತಲೆ ಮೇಲೆತ್ತಿಕೊಂಡು ಆ ದಂಡೆಯಿಂದ ಈ ದಂಡೆಗೆ ಬಂದುಬಿಟ್ಟಳು. ಬಾಯಿ ಬಾಯ್ತೆರೆದು ನೋಡಿ, ಇದು ಯಾವ ಪದ್ಧತಿ, ಎಲ್ಲಿ ಕಲಿತಿರಿ ಎಂದು ಕೇಳಿದರೆ, "ಕಲಿಯುದು ಎಂತ? ಹೊಳೆಗೆ ಬಿದ್ದದ್ದು, ಬದುಕಿದ್ದು" ಎಂದಳು ಕನ್ನಡದಲ್ಲೇ. ಬಾಯಿಗೆ ತಿಳಿಯದೆ ಅವಳನ್ನು ದೊಡ್ಡವರ ಸಾಲಿಗೆ ಕಳಿಸಿದರು.

ನಾನು ದಂಡೆಯ ಮೇಲೆ. ಒಂದು ಕೈಯಲ್ಲಿ ಟವೆಲು, ಇನ್ನೊಂದರಲ್ಲಿ ಅರಿಶಿನದ ಹಾಲು ತುಂಬಿದ ಥರ್ಮಾಸು, ಸೊಂಟಕ್ಕೆ ಸಿಕ್ಕಿಸಿಕೊಂಡ ಪಂಪು. ಮಗಳು ಮಂಡಿಯುದ್ದ ನೀರಿಗೆ ಇಳಿದಳೋ ಇಲ್ಲವೋ ನನ್ನ ಕೂಗಾಟ ಶುರುವಾಯಿತು. "ಸಾವಕಾಶ! ಮೂಗು ಹಿಡಿ! ಮ್ಯಾಲ ಬಾ! ಚಳಿ ಹತ್ತೇದೇನು? ಸಾಕು ಬಾ!" ಬಾಯಿ ಏನಾದರೂ ಹೇಳಿದರೆ ಮಗಳು ನನ್ನ ಮುಖ ನೋಡುವಳು. ನನ್ನ ಮುಖದಲ್ಲಿ ಇದ್ದದ್ದು ಹೆದರಿಕೆ, ಅದನ್ನು ನೋಡಿ ಅವಳೂ ಕಂಬಿ ಹಿಡಿದುಕೊಳ್ಳುವಳು. ಮೂರು ದಿನ ಅವಳು ಕಂಬಿ ಬಿಡಲಿಲ್ಲ.

ನಾಲ್ಕನೆಯ ದಿನ ಬಾಯಿ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ ನನ್ನ ಹತ್ತಿರ ಬಂದರು. "ಆಯೀ, ಏಕ್ ತರ್ ಪಾಣ್ಯಾತ್ ಯಾ, ನಾಹೀತರ್ ಗೇಟಚ್ಯಾ ಬಾಹೇರ್." ಅಮ್ಮಾ, ಒಂದೋ ನೀರಿಗೆ ಬನ್ನಿ, ಇಲ್ಲದಿದ್ದರೆ ಗೇಟಿನಾಚೆಗೆ ಹೋಗಿ.

ನಾನು ಮಾನವಂತೆ. ಗೇಟಿನಾಚೆಗೆ ಹೋದೆ.

ಅಲ್ಲಿ ಗುಲ್‌ಮೊಹರ್ ಮರದ ಕೆಳಗೆ ನನ್ನ ಹಾಗೆಯೇ ಗಡೀಪಾರಾದ ತಾಯಂದಿರು ನಾಲ್ಕಾರು ಜನ ಕೂತಿದ್ದರು. ಒಬ್ಬಳು ಮೇಥಿ ಸೊಪ್ಪು ಬಿಡಿಸುತ್ತಿದ್ದಳು. ಒಬ್ಬಳ ಮಗ ಉಣ್ಣುವುದಿಲ್ಲ, ಒಬ್ಬಳ ಮಗಳು ಉಗುರು ಕಡಿಯುತ್ತಾಳೆ, ಒಬ್ಬಳ ಮಗ ಎಲ್ಲವನ್ನೂ ಕಡಿಯುತ್ತಾನೆ. ಕೇಳುತ್ತ ಕೇಳುತ್ತ ನನಗೊಂದು ತಮಾಷೆ ಕಂಡಿತು. ಮಕ್ಕಳ ಕಾಯಿಲೆ ಹೇಳುವಾಗ ಒಬ್ಬೊಬ್ಬಳೂ ತನ್ನದೇ ಒಂದು ನೋವನ್ನು ಒತ್ತಿಕೊಳ್ಳುತ್ತಿದ್ದಳು. ಒಬ್ಬಳು ಸೊಂಟ, ಒಬ್ಬಳು ಕುತ್ತಿಗೆ. ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ, ಹಣೆಯ ಮೇಲಿತ್ತು.

ಆದರೆ ನಾನು ನೀರಿಗಿಳಿದದ್ದು ಆ ಜ್ಞಾನೋದಯದಿಂದಲ್ಲ. ಕಾಂಪೌಂಡ್ ಗೋಡೆ ಎತ್ತರವಿತ್ತು. ಆಚೆಯಿಂದ ಮಕ್ಕಳ ಕಿರುಚಾಟ ಕೇಳುತ್ತಿತ್ತು, ನನ್ನ ಮಗಳದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ ನೋಡಲು ಹೋಗಿ ವಾಚ್‌ಮನ್ನನ ಕೈಲಿ ಬೈಸಿಕೊಂಡೆ. ಅವಳನ್ನು ಕಣ್ಣಾರೆ ಕಾಣಬೇಕೆಂದರೆ ಉಳಿದದ್ದು ಒಂದೇ ದಾರಿ.

ಯಜಮಾನರಿಗೆ ಹೇಳಲೇಬೇಕಾಯಿತು. ಸಂಜೆ ಚಹಾ ಕೊಟ್ಟು, ಅವರು ಎರಡು ಗುಟುಕು ಕುಡಿಯುವವರೆಗೆ ಕಾದು, ಮಗಳ ಈಜು, ನನ್ನ ಈಜು ಎರಡನ್ನೂ ಒಟ್ಟಿಗೇ ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

"ಯಾರು? ನೀ?"

"ಹೌದ್ರಿ."

"ಊರಾಗ ಬಾವಿಗೆ ಬಿದ್ದವ್ರನ್ನ ಮಂದಿ ಕೂಡಿ ಹೊರಗ ತಗೀತಾರ. ನೀ ಇಲ್ಲಿ ರೊಕ್ಕಾ ಕೊಟ್ಟು ಬೀಳಾಕ ಹೊಂಟೀಯಲ್ಲ!" ಎಂದು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎಷ್ಟು ಕಾಲವಾಗಿತ್ತು ಅವರು ಹಾಗೆ ನಕ್ಕು! ನನಗೆ ಸಿಟ್ಟೂ ಬಂತು, ಇನ್ನೊಂದು ಕಪ್ಪು ಚಹಾ ಮಾಡಿಕೊಡಬೇಕು ಎಂದೂ ಅನಿಸಿತು.

ಮುಂದಿನ ಪ್ರಶ್ನೆ ಬಟ್ಟೆಯದು. ಲಕ್ಷ್ಮೀ ರಸ್ತೆಯ ಅಂಗಡಿಯಲ್ಲಿ ಈಜುಡುಪು ಕೇಳಿದರೆ ಆತ ನನ್ನ ಅಂಗೈಯಗಲದ್ದೊಂದನ್ನು ಹರಡಿದ. ಅಕ್ಕ ಅದನ್ನು ಎತ್ತಿ ಹಿಡಿದು ನನ್ನ ಮೈಗೆ ತಾಳೆ ನೋಡುತ್ತಿದ್ದಂತೆ ನಾನು ರಸ್ತೆಯಲ್ಲಿದ್ದೆ. ಕೊನೆಗೆ ಕಪ್ಪು ನೈಲಾನ್ ಬಟ್ಟೆ ತಂದು ಮನೆಯ ಹೊಲಿಗೆ ಯಂತ್ರದಲ್ಲಿ ನಾನೇ ಹೊಲಿದೆ. ಮುಂಗೈವರೆಗೆ ತೋಳು, ಪಾದದವರೆಗೆ ಪಾಯಜಾಮ, ಕತ್ತಿನ ತನಕ ಗುಂಡಿ. ಮಾನ ಸೋರಿಹೋಗದಿರಲಿ ಎಂದು ಸೊಂಟಕ್ಕೂ ಮುಂಗೈಗೂ ಕಾಲಿಗೂ ಗಟ್ಟಿಯಾಗಿ ಇಲಾಸ್ಟಿಕ್ ಹಾಕಿದೆ. ನೋಡಿದ ಅಕ್ಕ, "ಇದನ್ನು ಹಾಕಿಕೊಂಡು ಚಂದ್ರನ ಮೇಲೂ ಹೋಗ್ಬಹುದು" ಎಂದಳು.

ಆ ಇಲಾಸ್ಟಿಕ್ಕೇ ನನ್ನನ್ನು ಕೆಡಿಸಿತು. ಕಂಬಿ ಹಿಡಿದು, ಮನೆದೇವರನ್ನು ನೆನೆದು, ಒಂದೊಂದೇ ಮೆಟ್ಟಿಲು ಇಳಿದೆ. ನೀರು ಸೊಂಟಕ್ಕೆ ಬಂದಾಗ ಬಟ್ಟೆಯೊಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ, ಅದು ಮೇಲಕ್ಕೆ ಏರಿ ಏರಿ ನನ್ನ ಬೆನ್ನು, ಹೊಟ್ಟೆ, ತೋಳು ಎಲ್ಲ ಒಮ್ಮೆಲೇ ಉಬ್ಬಿ ನಿಂತವು. ಕಾಯ್ದ ಎಣ್ಣೆಗೆ ಬಿಟ್ಟ ಪೂರಿ ಹೇಗೆ ತಿರುಗುತ್ತದೋ ಹಾಗೆ ನಾನು ತೇಲಿ, ಮೆಲ್ಲಗೆ ಒಂದು ಸುತ್ತು ತಿರುಗಿದೆ. ಕಾಲು ತಳಕ್ಕೆ ತಾಗಲಿಲ್ಲ.

"ಅಯ್ಯೋ! ಯಾರರೆ ಹಿಡೀರ್ರಿ!" ಎಂದು ಕನ್ನಡದಲ್ಲೇ ಕೂಗಿದೆ. ಬಾಯಿ ಬಂದು ಬೆನ್ನಿನ ಮೇಲೆ ಒಂದು ಏಟು ಹಾಕಿದರು. ಕತ್ತಿನ ಹತ್ತಿರ ಗುಂಡಿ ಕಿತ್ತು ಗಾಳಿಯೆಲ್ಲ ಪುಸ್ಸೆಂದು ಹೊರಬಂತು, ಅದೂ ಎಲ್ಲರಿಗೂ ಕೇಳುವ ಹಾಗೆ. ಇಡೀ ಕೊಳ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು. ಕಂಬಿ ಬಿಟ್ಟು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ನಾನು ಅಭ್ಯಾಸಬಲದಿಂದ ಕೆಮ್ಮಿಗಾಗಿ ಕಾದೆ. ಬರಲಿಲ್ಲ. ಅವಳು ಮತ್ತೊಮ್ಮೆ ನನ್ನನ್ನು ನೋಡಿ ಮತ್ತೆ ನಕ್ಕಳು. ಆಗಲೂ ಬರಲಿಲ್ಲ.

ಮರುದಿನ ಇಲಾಸ್ಟಿಕ್ ಬಿಚ್ಚಿಹಾಕಿ, ತೋಳನ್ನು ಮೊಣಕೈಗೆ ಕತ್ತರಿಸಿದೆ.

ಮೊದಲ ಪಾಠ ಗುಳ್ಳೆ ಬಿಡುವುದು. ಮುಖವನ್ನು ನೀರಲ್ಲಿ ಮುಳುಗಿಸಿ ಬಾಯಿಂದ ಉಸಿರು ಹೊರಗೆ ಊದಬೇಕು. ಕೇಳಲು ಸುಲಭ. ಆದರೆ ಮುಖ ನೀರಿಗೆ ತಾಗಿದ ಕೂಡಲೇ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಮೇಲೆ ಬಂದು ಇನ್ನಷ್ಟು ಎಳೆದುಕೊಳ್ಳುವುದು, ಮತ್ತೆ ಹಿಡಿಯುವುದು. ಒಳಗೆ ಜಾಗವೇ ಇಲ್ಲದೆ ಕಣ್ಣು ಹೊರಗೆ ಬರುತ್ತಿತ್ತು. ಬಾಯಿ ಹೇಳಿದರು, "ತೆಗೆದುಕೊಳ್ಳುವುದು ತಾನಾಗಿ ಆಗುತ್ತದೆ ಆಯೀ. ನೀವು ಬಿಡುವುದನ್ನು ಮಾತ್ರ ಕಲಿಯಿರಿ." ಮಗಳು ಅಷ್ಟರಲ್ಲಿ ಗುಳ್ಳೆ ಬಿಡುವುದರಲ್ಲಿ ಪಂಡಿತೆಯಾಗಿದ್ದಳು. ಎದೆ ಬಲವಿಲ್ಲದವಳೆಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದ ಹುಡುಗಿ, ಕುದಿಯುವ ಬೇಳೆಯ ಹಾಗೆ ಕೊತಕೊತ ಗುಳ್ಳೆ ಎಬ್ಬಿಸುವಳು, ನಡುವೆ ತಲೆಯೆತ್ತಿ ನನಗೆ ಪಾಠ ಹೇಳುವಳು.

"ಅವ್ವಾ, ಸಿಟ್ಟು ಬಂದಾಗ ಹೆಂಗ ಊದತೀ, ಹಂಗ ಊದು."

"ನಾ ಯಾವಾಗ ಸಿಟ್ಟಿಗೆ ಬಂದೀನಿ?"

"ಈಗ ಬಂದೀಯಲ್ಲ, ಊದು!"

ಊದಿದೆ. ಕಿವಿಯ ಪಕ್ಕದಲ್ಲಿ ಗುಳುಗುಳು ಸದ್ದು. ತಲೆಯೊಳಗೆ ವರ್ಷಗಟ್ಟಲೆ ಕೂತಿದ್ದ ಏನೋ ಒಂದಿಷ್ಟು ಜಾಗ ಬಿಟ್ಟುಕೊಟ್ಟ ಹಾಗಾಯಿತು.

ಇತ್ತ ಮನೆಯಲ್ಲಿ ನಾವು ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ನಡೆಯುತ್ತಿತ್ತು. ನಮ್ಮ ಬ್ಯಾಚಿನ ಹೊತ್ತೂ ಯಜಮಾನರ ನಿದ್ದೆಯ ಹೊತ್ತೂ ಒಂದೇ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅವರು ಹಾಸಿಗೆಗೆ ಬಿದ್ದವರು ನಾವು ಬಂದು ಬಾಗಿಲು ಬಡಿದು, ಅಕ್ಕನೂ ಬಂದು ಬಡಿದು, ಕಿಟಕಿಯಿಂದ ಕೂಗಿದ ಮೇಲೆ ಏಳುತ್ತಿದ್ದರು. ಎದ್ದ ಮುಖದ ಮೇಲೆ ದಿಂಬಿನ ಗೆರೆ ಮಾತ್ರ, ಸಿಟ್ಟಿನ ಗೆರೆ ಒಂದೂ ಇಲ್ಲ. ಇಷ್ಟು ವರ್ಷ ನಾವಿಬ್ಬರೂ ಅವರ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತು ಅವರನ್ನು ಕಾಯುತ್ತಿದ್ದೆವಲ್ಲ, ಆ ಕಾಯುವಿಕೆಯೇ ಅವರಿಗೆ ನಿದ್ದೆ ಕೊಟ್ಟಿರಲಿಲ್ಲವೋ ಏನೋ. ಕೇಳಿದರೆ, "ನೀವು ಸಪ್ಪಳ ಮಾಡಬಾರದಂತ ಒದ್ದಾಡೂದು ನನಗ ಕಣ್ಣು ಮುಚ್ಚಿದ್ರೂ ಕಾಣತಿತ್ತು" ಎಂದರು.

ನಾವು ಬರುವಾಗ ಹಸಿವೆಯನ್ನು ಹೊತ್ತು ತರುತ್ತಿದ್ದೆವು. ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದ ಮಗಳು ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಮೊಸರು ಹಾಕಿಕೊಂಡು ಬಾರಿಸುವಳು. ಮೊಸರು ಬೇಡ ಎನ್ನಲು ನಾನು ಬಾಯಿ ತೆರೆದರೆ ಅದರಲ್ಲಿ ನನ್ನದೇ ರೊಟ್ಟಿ ತುಂಬಿರುತ್ತಿತ್ತು. ರಾತ್ರಿ ಊಟವಾಗಿ ನೆಲಕ್ಕೆ ಬೆನ್ನು ತಾಗಿಸಿದರೆ ಬೆಳಗು. ಒಂದು ಮುಂಜಾನೆ ಎಚ್ಚರವಾದಾಗ ನನಗೆ ಗಾಬರಿಯಾಯಿತು. ರಾತ್ರಿ ಒಮ್ಮೆಯೂ ಅವಳ ಮೂಗಿಗೆ ಬೆರಳು ಹಿಡಿದಿರಲಿಲ್ಲ. ತಿರುಗಿ ನೋಡಿದರೆ ಅವಳು ಕಾಲು ನನ್ನ ಹೊಟ್ಟೆಯ ಮೇಲೆ ಹಾಕಿ ಬಾಯಿ ತೆರೆದು ಮಲಗಿದ್ದಳು.

ಹಾಗೆಂದು ದಮ್ಮು ಓಡಿಹೋಗಲಿಲ್ಲ. ಮೇ ತಿಂಗಳ ಕೊನೆಗೆ, ಮೋಡ ಕಟ್ಟಿ ಧೂಳು ಎದ್ದ ಒಂದು ಮಧ್ಯಾಹ್ನ, ಅವಳು ಅಡ್ಡಗಲಕ್ಕೆ ಈಜಿ ದಂಡೆ ಮುಟ್ಟಿದವಳು ಎದೆಗೆ ಕೈ ಇಟ್ಟಳು. ನಮ್ಮ ಹಳೆಯ ಸನ್ನೆ. ನಾನು ಕೊಳದ ಇನ್ನೊಂದು ಬದಿ, ನಡುವೆ ನೀರು. ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಅವಳು ನನ್ನ ಮುಖ ನೋಡುತ್ತಾಳೆ, ಮೊದಲು ನನ್ನನ್ನು ಸಮಾಧಾನ ಮಾಡಲು ಹೋಗುತ್ತಾಳೆ ಎಂದು ಅದು ಹೇಗೋ ಆ ಕ್ಷಣದಲ್ಲಿ ಹೊಳೆಯಿತು. ತೆರೆದ ಬಾಯಿಂದ ಉಸಿರು ಬಿಟ್ಟೆ. ಕಂಬಿ ಹಿಡಿದು, ಒಂದೊಂದೇ ಹೆಜ್ಜೆ, ನೀರು ತಳ್ಳಿಕೊಂಡು ಅವಳ ಕಡೆ ನಡೆದೆ. ಅಷ್ಟರಲ್ಲಿ ಬಾಯಿ ಅವಳನ್ನು ಮೆಟ್ಟಿಲ ಮೇಲೆ ನೆಟ್ಟಗೆ ಕೂರಿಸಿದ್ದರು. ಮಗಳು ದಂಡೆಯ ಮೇಲಿಟ್ಟಿದ್ದ ಟವೆಲಿನ ಕೆಳಗಿನಿಂದ ಪಂಪು ತೆಗೆದು, ಅಲ್ಲಾಡಿಸಿ, ಡಾಕ್ಟರು ಕಲಿಸಿದಂತೆ ಎಳೆದುಕೊಂಡು, ಉಸಿರು ಹಿಡಿದು, ಬಿಟ್ಟಳು. ತುಸು ತಡೆದು ಮತ್ತೊಮ್ಮೆ. ನಾನು ಪಕ್ಕದಲ್ಲಿ ಕೂತು ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಸ್ವಲ್ಪ ಹೊತ್ತಿಗೆ ಸೀಟಿ ಇಳಿಯಿತು, ಮುಖಕ್ಕೆ ಬಣ್ಣ ಬಂತು.

"ಮನಿಗೆ ಹೋಗೂಣೇನು?" ಎಂದೆ ಮೆಲ್ಲಗೆ.

"ಬ್ಯಾಡ. ನಾ ಇಲ್ಲೇ ಕುಂತಿರತೀನಿ. ನೀ ಹೋಗಿ ಪ್ರ್ಯಾಕ್ಟೀಸ್ ಮಾಡು, ನಿಂದಿನ್ನಾ ಕಾಲು ಬರವಲ್ದು."

ಹೋದೆ. ಅವಳು ಟವೆಲು ಹೊದ್ದು ಮೆಟ್ಟಿಲ ಮೇಲೆ ಕೂತು ಕೂಗತೊಡಗಿದಳು. "ಕಾಲು ಬಡಿ! ತಲಿ ಕೆಳಗ! ಊದು ಅವ್ವಾ, ಊದು!" ಬಾಯಿ ಸೀಟಿಗೆ ಕೈ ಹಾಕಿದವರು ಅವಳನ್ನು ನೋಡಿ ಕೈ ಬಿಟ್ಟರು.

ಬ್ಯಾಚಿನ ಕೊನೆಯ ದಿನ ನಾನು ಕೊಳದ ಅಡ್ಡಗಲ ದಾಟಿದೆ. ನಡುವೆ ಒಮ್ಮೆ ಪ್ರಾಣ ಹೋಯಿತೆಂದು ನಿಂತುಬಿಟ್ಟೆ, ನೋಡಿದರೆ ನೀರು ಎದೆಮಟ್ಟ ಮಾತ್ರ ಇತ್ತು. ಅಕ್ಕ ಆಚೆಯಿಂದ, "ನಡೆದುಕೊಂಡಾದರೂ ಬಾ ಮಾರಾಯ್ತಿ!" ಎಂದಳು. ಮುಖ ಮುಳುಗಿಸಿ ಉಳಿದ ದಾರಿಯನ್ನು ಈಜಿಯೇ ಮುಗಿಸಿದೆ.

ಒದ್ದೆ ಕೂದಲಲ್ಲಿ ಹೊರಗೆ ಬಂದರೆ ಗುಲ್‌ಮೊಹರ್ ಮರದ ಕೆಳಗೆ ಯಜಮಾನರು! ಅಂದು ನಿದ್ದೆ ಬಿಟ್ಟು ಬಂದಿದ್ದರು. ಹೆಂಗಸರ ಬ್ಯಾಚಿಗೆ ಒಳಗೆ ಬಿಡುವುದಿಲ್ಲವಲ್ಲ, ವಾಚ್‌ಮನ್ನನ ಜೊತೆ ಮಾತಿಗೆ ನಿಂತಿದ್ದರು.

"ಏನ್ ಮಾತಾಡ್ಲಿಕತ್ತೀರಿ ಅವನ ಸಂಗಾಟ?" ಎಂದೆ.

"ಏನಿಲ್ಲ. ಗಂಡಸರ ಬ್ಯಾಚ್ ಎಷ್ಟೊತ್ತಿಗೆ ಅದ ಅಂತ ಸುಮ್ಮ ಕೇಳಿದ್ನಿ."

ಮಗಳಿಗೆ ಚಳಿಗಾಲದಲ್ಲಿ ಕೆಮ್ಮು ಆಮೇಲೂ ಬರುತ್ತಿತ್ತು, ಪಂಪು ಚೀಲದಲ್ಲಿ ಇರುತ್ತಿತ್ತು. ಆದರೆ ಶಾಲೆಯಲ್ಲಿ ಚಪ್ಪಲಿ ಕಾಯಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ನಾನೇ ಹೋಗಿ ಟೀಚರಿಗೆ ಹೇಳಿ ಬಂದೆ. ಎರಡು ಸಾವಿರದ ಇಸವಿಯ ಹೊತ್ತಿಗೆ ಅವಳು ಕಾಲೇಜಿನ ಹುಡುಗಿ. ಕೊಳದ ಆಳದ ಕಡೆಯಿಂದ ಧುಮುಕುವವಳು. ನಾನು ಮಾತ್ರ ಆ ಅಡ್ಡಗಲವನ್ನೇ ಅತ್ತಿಂದಿತ್ತ ಅಳೆಯುತ್ತ ಉಳಿದೆ, ಅಕ್ಕನ ಮೊಣಕಾಲಿನ ಪುರಾಣ ಕೇಳುತ್ತ.

ಯಜಮಾನರು ಮರುವರ್ಷದ ಬೇಸಿಗೆಯಲ್ಲಿ ನಿಜವಾಗಿಯೂ ಸಂಜೆಯ ಬ್ಯಾಚಿಗೆ ಸೇರಿದರು. ಈಜು ಅವರಿಗೆ ಬರಲಿಲ್ಲ. ಇಡೀ ಬೇಸಿಗೆ ಕಂಬಿ ಬಿಡಲಿಲ್ಲವಂತೆ. ಅವರ ಹಾಗೆಯೇ ಕಂಬಿ ಹಿಡಿದ ಇನ್ನೂ ಮೂವರು ಗಂಡಸರಿದ್ದರು. ಕುತ್ತಿಗೆಯುದ್ದ ನೀರಲ್ಲಿ ಸಾಲಾಗಿ ನಿಂತು ನಾಲ್ವರೂ ಒಂದು ತಾಸು ಹರಟೆ ಹೊಡೆದು ಬರುತ್ತಿದ್ದರು. ಮನೆಗೆ ಬಂದು, "ಇವತ್ತು ಭಾಳ ಛಲೋ ಆತು" ಎನ್ನುತ್ತಿದ್ದರು. ಏನು ಛಲೋ ಆಯಿತು ಎಂದು ನಾವು ಕೇಳುತ್ತಿರಲಿಲ್ಲ. ಅವರ ಮುಖ ನೋಡಿದರೆ, ಆಗಿರುವುದು ನಿಜ ಎಂದು ತಿಳಿಯುತ್ತಿತ್ತು.